ಆರು ಬಿಸ್ಕೆಟ್ ಕ್ಲಚ್ಚೂ ನನ್ನ ಎಡಗಾಲೂ

ಹೋದ ವಾರ ನೆಂಟರ ಮದುವೆಗೆ ಹೋಗಿದ್ದೆವು. ಛತ್ರದ ಮುಂದೆ ವ್ಯಾಲೆ ಪಾರ್ಕಿಂಗ್ ಹುಡುಗ ಕೀ ಕೇಳಿದ. ಕೊಡುವಾಗಲೇ ಹೇಳಿದೆ, "ಕ್ಲಚ್ ಸ್ವಲ್ಪ ಗಟ್ಟಿ ಇದೆಯಪ್ಪ, ರೇಸ್ ಕೊಟ್ಟು ಬೇಗ ಬಿಡು, ಹಾಫ್ ಕ್ಲಚ್ ಮಾಡೋಕೆ ಹೋಗಬೇಡ" ಅಂತ. ದಿನಕ್ಕೆ ನೂರು ಗಾಡಿ ಓಡಿಸುವವನು, ನನ್ನ ಮಾತು ಯಾಕೆ ಕೇಳುತ್ತಾನೆ. ಗಾಡಿ ಒಂದಡಿ ಮುಂದೆ ಹಾರಿ ಆಫ್ ಆಯಿತು. ಮತ್ತೆ ಸ್ಟಾರ್ಟ್, ಮತ್ತೆ ಆಫ್. ಮೂರನೇ ಸಲವೂ ಅದೇ ಕಥೆ. ನಾಲ್ಕನೇ ಸಲ ಕೋಲೆ ಬಸವನ ಹಾಗೆ ತಲೆ ಆಡಿಸಿಕೊಂಡು ಹೊರಟಿತು. ಹುಡುಗ ವಾಪಸ್ ಬಂದು ಟೋಕನ್ ಕೈಗಿಡುತ್ತಾ ಮೆಲ್ಲಗೆ ಹೇಳಿದ, "ಸಾರ್, ಕ್ಲಚ್ ಪ್ಲೇಟ್ ಹೋಗಿದೆ ನಿಮ್ದು. ಬೇಗ ಚೇಂಜ್ ಮಾಡ್ಸಿ."

ಲಕ್ಷದ ಮೇಲೆ ಖರ್ಚು ಮಾಡಿ ಹಾಕಿಸಿದ ಕ್ಲಚ್ ಕಣಪ್ಪ ಅದು ಅಂತ ಬಾಯಿಗೆ ಬಂತು. ಹೇಳಲಿಲ್ಲ. ಪಕ್ಕದಲ್ಲಿ ಹೆಂಡತಿ ಇದ್ದಳು.

ಗಾಡಿ ಸ್ಕೋಡಾ ಲಾರಾ ವಿಆರ್‌ಎಸ್, ಅಂದರೆ ಲಾರಾದ ಸ್ಪೋರ್ಟ್ಸ್ ಮಾದರಿ. 2011ರಲ್ಲಿ ನಮ್ಮಲ್ಲಿ ಬಂದ ಮಾಡೆಲ್. ಬೇರೆ ದೇಶಗಳಲ್ಲಿ ಇದು ಎರಡನೇ ತಲೆಮಾರಿನ ಆಕ್ಟೇವಿಯಾ. ಇಲ್ಲಿ ಹಳೇ ಆಕ್ಟೇವಿಯಾ ಇನ್ನೂ ಮಾರಾಟದಲ್ಲಿದ್ದಾಗಲೇ ಇದೂ ಬಂದದ್ದರಿಂದ ಲಾರಾ ಅಂತ ಬೇರೆ ಹೆಸರಾಯಿತು. ಯುರೋಪಿನ ವಿಆರ್‌ಎಸ್‌ಗೆ 2.0 ಲೀಟರ್ ಟರ್ಬೊ ಇಂಜಿನ್, 200 ಪಿಎಸ್. ನಮ್ಮದಕ್ಕೆ 1.8 ಲೀಟರ್, 160 ಪಿಎಸ್, 250 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಇಂಜಿನ್ ತಿರುಗಿಸುವ ಬಲ. ಆರು ಗೇರಿನ ಮ್ಯಾನುಯಲ್. ನಾಲ್ಕು ಬಾಗಿಲಿನ ಗಾಡಿಯನ್ನು ಸ್ಪೋರ್ಟ್ಸ್ ಕಾರ್ ಅನ್ನಬಾರದು ಅಂತ ವಾದ ಮಾಡುವವರು ಇದ್ದಾರೆ. ಮಾಡಲಿ. ಹಿಂದಿನ ಸೀಟಿನಲ್ಲಿ ಅಮ್ಮ, ಡಿಕ್ಕಿಯಲ್ಲಿ ಊರಿಂದ ತಂದ ತೆಂಗಿನಕಾಯಿ ಮೂಟೆ, ಆದರೂ ಎರಡನೇ ಗೇರಲ್ಲಿ ಒತ್ತಿದರೆ ಮುಖದಲ್ಲಿ ನಗು ಬರುತ್ತದೆ. ನನಗೆ ಅಷ್ಟು ಸಾಕು.

ಸಾಕು ಅಂತ ಸುಮ್ಮನಿದ್ದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಟರ್ಬೊ ಇಂಜಿನ್ ಇದ್ದವರಿಗೆಲ್ಲ ಒಂದಲ್ಲ ಒಂದು ದಿನ ರೀಮ್ಯಾಪ್ ಮಾಡಿಸುವ ಚಪಲ ಹತ್ತುತ್ತದೆ. ನನಗೂ ಹತ್ತಿತು. ಇಂಜಿನ್ನಿನ ಕಂಪ್ಯೂಟರ್‌ನಲ್ಲಿ ಲೆಕ್ಕ ಬದಲಿಸಿದರು, ಟಾರ್ಕ್ 330ರ ಹತ್ತಿರ ಬಂತು. ಎರಡು ತಿಂಗಳು ಹಬ್ಬ. ಆಮೇಲೆ ಒಂದು ಭಾನುವಾರ ಬೆಳಿಗ್ಗೆ ನೈಸ್ ರೋಡಲ್ಲಿ ನಾಲ್ಕನೇ ಗೇರಲ್ಲಿ ಪೂರ್ತಿ ಒತ್ತಿದೆ. ಆರ್‌ಪಿಎಂ ಮುಳ್ಳು 2500ರಿಂದ 4000ಕ್ಕೆ ಹಾರಿತು, ಸ್ಪೀಡ್ ಮುಳ್ಳು ಇದ್ದಲ್ಲೇ ಇತ್ತು. ಏನಾಯಿತು ಅಂತ ತಿಳಿಯುವಷ್ಟರಲ್ಲಿ ವಾಸನೆ. ಶಿರಾಡಿ ಹತ್ತುವಾಗ ಲೋಡ್ ಲಾರಿ ಹಿಂದೆ ಸಿಕ್ಕಿಹಾಕಿಕೊಂಡರೆ ಬರುತ್ತದಲ್ಲ, ಅದೇ ವಾಸನೆ.

ಇದು ಗಾಡಿ ಮಾಡಿದವರ ತಪ್ಪಲ್ಲ. 250ಕ್ಕೆ ಅಂತ ಮಾಡಿದ ಕ್ಲಚ್ ಮೇಲೆ 330 ಹೇರಿದರೆ ಅದು ಜಾರದೆ ಇನ್ನೇನು ಮಾಡುತ್ತದೆ. ಮೇಲಿನ ಗೇರು, ಕಡಿಮೆ ಆರ್‌ಪಿಎಂ, ಪೂರ್ತಿ ರೇಸ್ ಇದ್ದಾಗಲೇ ಮೊದಲು ಜಾರುವುದು, ಯಾಕೆಂದರೆ ಟರ್ಬೊ ತನ್ನ ಟಾರ್ಕೆಲ್ಲ ಅಲ್ಲೇ ತಂದು ಸುರಿಯುತ್ತದೆ, ಗಾಡಿಯ ಭಾರ ಎದುರು ನಿಂತಿರುತ್ತದೆ. ಸೆಕೆಂಡ್ ಹ್ಯಾಂಡ್ ಟರ್ಬೊ ಗಾಡಿ ನೋಡಲು ಹೋದರೆ ನೀವೂ ಖಾಲಿ ರಸ್ತೆಯಲ್ಲಿ ಹೀಗೇ ಪರೀಕ್ಷೆ ಮಾಡಿ. ಮಾರುವವರ ಮುಖವನ್ನೂ ಒಮ್ಮೆ ನೋಡಿ.

ಈಗ ಸ್ವಲ್ಪ ಲೆಕ್ಕ. ಬೇಜಾರಾದರೆ ಈ ಪ್ಯಾರಾ ಬಿಟ್ಟು ಮುಂದೆ ಹೋಗಿ, ಆದರೆ ನಾನು ಮಾಡಿದ ದಡ್ಡತನ ಇಲ್ಲೇ ಇದೆ. ಕ್ಲಚ್ ಪ್ಲೇಟು ಫ್ಲೈವೀಲ್‌ಗೂ (ಇಂಜಿನ್ ಜೊತೆ ತಿರುಗುವ ಭಾರದ ಚಕ್ರ) ಪ್ರೆಶರ್ ಪ್ಲೇಟ್‌ಗೂ (ಸ್ಪ್ರಿಂಗ್ ಬಲದಿಂದ ಒತ್ತುವ ತಟ್ಟೆ) ನಡುವೆ ಸ್ಯಾಂಡ್‌ವಿಚ್ ತರಾ ಕೂತಿರುತ್ತದೆ. ಅದು ಎಷ್ಟು ಟಾರ್ಕ್ ತಡೆಯುತ್ತದೆ ಅನ್ನುವುದು ನಾಲ್ಕು ವಿಷಯದ ಗುಣಾಕಾರ: ಉಜ್ಜುವ ಮುಖಗಳು ಎಷ್ಟು, ಅವುಗಳ ಹಿಡಿತ ಎಷ್ಟು, ಪ್ರೆಶರ್ ಪ್ಲೇಟು ಒತ್ತುವ ಬಲ ಎಷ್ಟು, ಪ್ಲೇಟಿನ ಸರಾಸರಿ ತ್ರಿಜ್ಯ ಎಷ್ಟು. ಉದಾಹರಣೆಗೆ ಎರಡು ಮುಖ, ಸಾಮಾನ್ಯ ಆರ್ಗ್ಯಾನಿಕ್ ಲೈನಿಂಗ್‌ಗೆ (ನಾರು, ರಾಳ ಸೇರಿಸಿ ಮಾಡಿದ ಉಜ್ಜುವ ಪದರ) 0.3 ಹಿಡಿತ, 6000 ನ್ಯೂಟನ್ ಬಲ, 0.1 ಮೀಟರ್ ತ್ರಿಜ್ಯ ಅಂದುಕೊಳ್ಳಿ. 360 ನ್ಯೂಟನ್ ಮೀಟರ್ ಬರುತ್ತದೆ. ಇದು ಹೊಸ ಪ್ಲೇಟಿನ ಅಂದಾಜು ಲೆಕ್ಕ, ಜಾರಿದ ನನ್ನದು ಸವೆದ ಹಳೇ ಪ್ಲೇಟು. 6000 ನ್ಯೂಟನ್ ಅಂದರೆ ಪ್ಲೇಟಿನ ಮೇಲೆ 600 ಕಿಲೋ ಭಾರ ಕೂತ ಹಾಗೆ. ಆ ಭಾರವನ್ನು ಪ್ರತಿ ಸಲ ಎತ್ತುವುದು ನಿಮ್ಮ ಎಡಗಾಲು, ಹೈಡ್ರಾಲಿಕ್ಸ್ ಸಹಾಯದಿಂದ. ಈಗ ಲೈನಿಂಗ್ ಬದಲಿಸಿ 0.4 ಮಾಡಿದರೆ 480. ಲೈನಿಂಗ್ ಹಾಗೇ ಬಿಟ್ಟು ಒತ್ತುವ ಬಲವನ್ನು 30 ಪರ್ಸೆಂಟ್ ಏರಿಸಿದರೆ 468. ಎರಡರಲ್ಲಿ ಯಾವುದಾದರೂ ಒಂದು ನನಗೆ ಧಾರಾಳವಾಗಿ ಸಾಕಿತ್ತು. ನಾನು ಎರಡನ್ನೂ ಮಾಡಿಸಿದೆ. 600 ದಾಟಿತು. 330ರ ಇಂಜಿನ್‌ಗೆ 600ರ ಕ್ಲಚ್. ನಾಯಿಮರಿಗೆ ಆನೆ ಸರಪಳಿ ಕಟ್ಟಿದ ಹಾಗೆ.

ಮೆಕ್ಯಾನಿಕ್ ಮೊದಲೇ ಕೇಳಿದ್ದರು, "ಸಾರ್, ರೋಡಲ್ಲಿ ಓಡ್ಸೋಕಾ, ಟ್ರ್ಯಾಕಲ್ಲಾ?" ನಾನು "ಎರಡಕ್ಕೂ" ಅಂದೆ. ಟ್ರ್ಯಾಕಿಗೆ ಅಂತ ಇದುವರೆಗೆ ಹೋಗಿರುವುದು ಒಂದೇ ಸಲ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಗೆ. ಅದೂ ಬೇರೆಯವರು ಓಡಿಸುವುದನ್ನು ನೋಡೋಕೆ.

ಕಿಟ್ ಬಂತು. ಡಬ್ಬ ತೆಗೆದು ನೋಡಿದರೆ ಪ್ಲೇಟಿನ ಸುತ್ತ ಉದ್ದಕ್ಕೂ ಲೈನಿಂಗ್ ಇಲ್ಲ, ಆರು ತುಂಡುಗಳು ಅಷ್ಟೇ, ಹೂವಿನ ದಳದ ಹಾಗೆ. ಲೋಹದ ಪುಡಿ, ಸೆರಾಮಿಕ್ ಸೇರಿಸಿ ಒತ್ತಿ ಸುಟ್ಟು ಮಾಡಿದ ತುಂಡುಗಳು. ನಮ್ಮ ಮೆಕ್ಯಾನಿಕ್ ಅದಕ್ಕೆ ಬಿಸ್ಕೆಟ್ ಅಂತಾರೆ. ಉಜ್ಜುವ ಜಾಗ ಕಡಿಮೆ, ಹಿಡಿತ ಜಾಸ್ತಿ, ಎಷ್ಟು ಬಿಸಿಯಾದರೂ ಜಗ್ಗುವುದಿಲ್ಲ. ಜೊತೆಗೆ ಒಂದೇ ತುಂಡಿನ ಹಗುರ ಫ್ಲೈವೀಲ್. ಕಂಪನಿಯದು ಡ್ಯುಯಲ್ ಮಾಸ್, ಅಂದರೆ ಎರಡು ಭಾಗದ ಫ್ಲೈವೀಲ್, ನಡುವೆ ಸ್ಪ್ರಿಂಗ್. ಬಿಚ್ಚಿದ ಹಳೆಯದನ್ನು ನನ್ನ ಕೈಗೆ ಕೊಟ್ಟು "ತಿರುಗಿಸಿ ನೋಡಿ" ಅಂದರು. ಒಂದು ಭಾಗ ಹಿಡಿದು ಇನ್ನೊಂದನ್ನು ತಿರುಗಿಸಿದರೆ ಸ್ವಲ್ಪ ದೂರ ಹೋಗಿ ಮೆತ್ತಗೆ ವಾಪಸ್ ಬರುತ್ತಿತ್ತು. ಆ ಮೆತ್ತಗೆ ಅನ್ನುವುದಕ್ಕೆ ಎಷ್ಟು ಬೆಲೆ ಅಂತ ಆವತ್ತು ನನಗೆ ಗೊತ್ತಾಗಲಿಲ್ಲ.

ಇದೆಲ್ಲ ನಡೆದದ್ದು ಎರಡನೇ ಸಲ ಗೇರ್‌ಬಾಕ್ಸ್ ಇಳಿಸಿದಾಗ. ಮೊದಲ ಸಲದ ಕಥೆ ಬೇರೆ. ಆಗ ಕೆಲಸ ಮಾಡಿಸಿದ್ದು ಇನ್ನೊಂದು ಗ್ಯಾರೇಜಿನಲ್ಲಿ. ಗಾಡಿ ತಗೊಂಡು ಮನೆಗೆ ಬಂದು ಡಿಕ್ಕಿ ತೆಗೆದೆ. ಹಳೇ ಸಾಮಾನಿನ ರಟ್ಟಿನ ಡಬ್ಬದ ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಪ್ಯಾಕೆಟ್. ಒಳಗೆ ಹೊಸ ಫ್ಲೈವೀಲ್ ಬೋಲ್ಟುಗಳು, ಸೀಲ್ ಕೂಡ ಒಡೆದಿಲ್ಲ. ಅಂದರೆ ಹಳೇ ಬೋಲ್ಟನ್ನೇ ವಾಪಸ್ ಹಾಕಿದ್ದಾರೆ. ಈ ಬೋಲ್ಟು ಒಂದು ಸಲಕ್ಕೆ ಮಾತ್ರ. 60 ನ್ಯೂಟನ್ ಮೀಟರ್‌ಗೆ ಬಿಗಿ ಮಾಡಿ, ಆಮೇಲೆ ಇನ್ನೂ 90 ಡಿಗ್ರಿ ತಿರುಗಿಸಬೇಕು. ಆಗ ಬೋಲ್ಟು ಸ್ವಲ್ಪ ಹಿಗ್ಗುತ್ತದೆ, ಹಿಗ್ಗಿದ ಬಲದಿಂದಲೇ ಹಿಡಿದುಕೊಳ್ಳುತ್ತದೆ. ಒಮ್ಮೆ ಹಿಗ್ಗಿದ್ದನ್ನು ಮತ್ತೆ ಹಾಕಿದರೆ ನಂಬುವ ಹಾಗಿಲ್ಲ. ನಿಮಿಷಕ್ಕೆ ಆರು ಸಾವಿರ ಸುತ್ತು ತಿರುಗುವ ಕಬ್ಬಿಣದ ಚಕ್ರ ನನ್ನ ಮೊಣಕಾಲಿನಿಂದ ಒಂದೆರಡು ಅಡಿ ದೂರದಲ್ಲಿದೆ, ಅದನ್ನು ಹಿಡಿದಿರುವುದು ಹಳೇ ಬೋಲ್ಟು. ಆ ರಾತ್ರಿ ನಿದ್ದೆ ಬರಲಿಲ್ಲ. ಫೋನ್ ಮಾಡಿದರೆ "ಏನೂ ಆಗಲ್ಲ ಸಾರ್, ನಾವು ಯಾವಾಗಲೂ ಹಂಗೇ ಹಾಕೋದು" ಅಂದರು. ಟೋ ಮಾಡಿಸಿ ಈಗಿನ ಮೆಕ್ಯಾನಿಕ್ ಹತ್ತಿರ ತಂದೆ. ಗೇರ್‌ಬಾಕ್ಸ್ ಇಳಿಸುವ ಕೂಲಿ ಎರಡೆರಡು ಸಲ ಕೊಟ್ಟೆ. ಆ ಪ್ಯಾಕೆಟ್ ಈಗಲೂ ಇಟ್ಟುಕೊಂಡಿದ್ದೇನೆ, ಖಾಲಿ ಪ್ಯಾಕೆಟ್.

ಹೊಸ ಕ್ಲಚ್‌ಗೆ ಪಳಗಿಸುವ ಕಾಲ ಅಂತ ಇರುತ್ತದೆ. ಕಿಟ್ಟಿನ ಜೊತೆ ಬಂದ ಚೀಟಿಯಲ್ಲಿ 800 ಕಿಲೋಮೀಟರ್ ಸಿಟಿ ಡ್ರೈವಿಂಗ್ ಮಾಡಿ, ಪೂರ್ತಿ ರೇಸ್ ಕೊಡಬೇಡಿ ಅಂತಿತ್ತು. ಹೈವೇ ಲೆಕ್ಕಕ್ಕಿಲ್ಲ, ಯಾಕೆಂದರೆ ಕ್ಲಚ್ ಹಿಡಿದು ಬಿಟ್ಟು ಮಾಡಿದರೆ ತಾನೆ ಮುಖಗಳು ಒಂದಕ್ಕೊಂದು ಹೊಂದಿಕೊಳ್ಳುವುದು. ಸಿಟಿ ಡ್ರೈವಿಂಗ್ ಬೇಕಾ, ಬೆಂಗಳೂರಿಗಿಂತ ಬೇಕಾ? ಚೀಟಿ ಬರೆದವರು ಸಿಲ್ಕ್ ಬೋರ್ಡ್ ನೋಡಿಲ್ಲ. ಅಲ್ಲಿ ಒಂದು ಕಿಲೋಮೀಟರ್‌ಗೆ ಎಷ್ಟು ಸಲ ಕ್ಲಚ್ ಒತ್ತುತ್ತೇನೆ ಅಂತ ಒಂದು ಸಂಜೆ ಎಣಿಸಲು ಶುರು ಮಾಡಿದೆ, ಎಪ್ಪತ್ತು ದಾಟಿದ ಮೇಲೆ ಲೆಕ್ಕ ತಪ್ಪಿತು.

ಅಲ್ಲೇ ನನಗೆ ವಿಷಯ ತಲೆಗೆ ಹೋದದ್ದು. ಕ್ಲಚ್ ಮಾರುವವರು ಹೇಳುವುದು ಅದು ಎಷ್ಟು ಹಿಡಿಯುತ್ತದೆ ಅಂತ ಮಾತ್ರ. ಆದರೆ ನಾವು ದಿನಾ ಕ್ಲಚ್ ಹತ್ತಿರ ಮಾಡಿಸುವ ಕೆಲಸ ಹಿಡಿಯುವುದಲ್ಲ, ಜಾರುವುದು. ನಿಂತ ಗಾಡಿ, ತಿರುಗುತ್ತಿರುವ ಇಂಜಿನ್, ಇವೆರಡರ ಮಧ್ಯೆ ಒಂದೆರಡು ಸೆಕೆಂಡು ನಯವಾಗಿ ಜಾರಿ ರಾಜಿ ಮಾಡಿಸಬೇಕು. ಆರ್ಗ್ಯಾನಿಕ್ ಪ್ಲೇಟ್ ಇದನ್ನು ಚೆನ್ನಾಗಿ ಮಾಡುತ್ತದೆ. ನನ್ನ ಬಿಸ್ಕೆಟ್‌ಗೆ ರಾಜಿ ಗೊತ್ತಿಲ್ಲ. ಬಿಟ್ಟಿದೆ ಅಥವಾ ಹಿಡಿದಿದೆ. ನಡುವೆ ಇರುವ ಜಾಗ ಪೆಡಲ್‌ನಲ್ಲಿ ಹೆಬ್ಬೆರಳಿನ ಅಗಲ ಕೂಡ ಇಲ್ಲ. ಅಲ್ಲಿ ನಿಲ್ಲಿಸಲು ನೋಡಿದರೆ ಇಡೀ ಗಾಡಿ ಗಡಗಡ ನಡುಗುತ್ತದೆ, ಡ್ಯಾಶ್‌ಬೋರ್ಡಿನ ಗಣೇಶ ಕೂಡ.

ಹಾಗಾಗಿ ಟ್ರಾಫಿಕ್‌ನಲ್ಲಿ ಇಂಚಿಂಚು ಸರಿಯುವ ಹಾಗಿಲ್ಲ. ಮುಂದಿನ ಗಾಡಿ ಎರಡು ಮೂರು ಗಾಡಿಯಷ್ಟು ದೂರ ಹೋಗುವವರೆಗೆ ಕಾದು, ಒಂದೇ ಸಲ ಕ್ಲಚ್ ಬಿಟ್ಟು ಫಸ್ಟ್ ಗೇರಲ್ಲಿ ರೇಸ್ ಕೊಡದೆ ಉರುಳಿಕೊಂಡು ಹೋಗಬೇಕು. ಕೇಳೋಕೆ ಸುಲಭ. ಬೆಂಗಳೂರಲ್ಲಿ ಎರಡು ಗಾಡಿಯಷ್ಟು ಜಾಗ ಬಿಟ್ಟರೆ ಏನಾಗುತ್ತದೆ? ಮೊದಲು ಬೈಕು. ಆಮೇಲೆ ಆಟೊ ಮೂತಿ ತೂರಿಸುತ್ತದೆ. ಆಟೊ ಹಿಂದೆ ಇನ್ನೊಂದು ಬೈಕು, ಊಟದ ಚೀಲ ಹೊತ್ತವರದು. ನಾನು ಮಾಡಿಕೊಟ್ಟ ಜಾಗದಲ್ಲಿ ಊರೆಲ್ಲ ಮುಂದೆ ಹೋಗುತ್ತದೆ, ನನ್ನ ಹಿಂದಿನವರು ಹಾರ್ನ್ ಮೇಲೆ ಕೈಯಿಟ್ಟು ಕೂರುತ್ತಾರೆ. ನಾನು ಒಳ್ಳೆಯವನಲ್ಲ ಕಣ್ರೀ, ನನ್ನ ಕ್ಲಚ್ ಕೆಟ್ಟದು ಅಷ್ಟೇ ಅಂತ ಹಿಂದಿನ ಗಾಜಿಗೆ ಅಂಟಿಸೋಣ ಅನಿಸುತ್ತದೆ.

ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನ ರ‍್ಯಾಂಪ್ ಇನ್ನೊಂದು ಪರೀಕ್ಷೆ. ಮೇಲೆ ಗೇಟ್ ಹತ್ತಿರ ಸೆಕ್ಯುರಿಟಿಯವರು ಕೈ ಅಡ್ಡ ಹಿಡಿಯುತ್ತಾರೆ, ನಾನು ಏರಿನ ಮಧ್ಯೆ ನಿಲ್ಲಬೇಕು. ಹ್ಯಾಂಡ್‌ಬ್ರೇಕ್ ಎಳೆದು, 1500ಕ್ಕೆ ರೇಸ್ ಕೊಟ್ಟು, ಕ್ಲಚ್ ಬಿಡುತ್ತಲೇ ಹ್ಯಾಂಡ್‌ಬ್ರೇಕ್ ಇಳಿಸಬೇಕು. ಫ್ಲೈವೀಲ್ ಹಗುರ ಆದ್ದರಿಂದ ಅದರಲ್ಲಿ ಕೂಡಿಟ್ಟ ಬಲ ಕಡಿಮೆ, ರೇಸ್ ಸ್ವಲ್ಪ ಸಾಲದಿದ್ದರೆ ಪಟ್ ಅಂತ ಆಫ್. ಜಾಸ್ತಿಯಾದರೆ ಟೈರ್ ಕಿರುಚುತ್ತದೆ, ಮೂರನೇ ಮಹಡಿಯ ಅಂಕಲ್ ವಾಟ್ಸಾಪ್ ಗ್ರೂಪಿನಲ್ಲಿ "ಮಕ್ಕಳು ಆಡುವ ಜಾಗ" ಅಂತ ಬರೆಯುತ್ತಾರೆ.

ಸದ್ದಿನ ವಿಷಯ ಹೇಳಲೇಬೇಕು. ಮೊದಲ ದಿನ ಅಮ್ಮ ಹತ್ತಿ ಕೂತರು. ನ್ಯೂಟ್ರಲ್‌ನಲ್ಲಿ ನಿಂತಿತ್ತು. ಎರಡು ನಿಮಿಷ ಕೇಳಿಸಿಕೊಂಡು "ಏನೋ ಇದು, ಡಬ್ಬಿಯಲ್ಲಿ ಹುರಿಗಡಲೆ ಅಲ್ಲಾಡಿಸಿದ ಹಾಗೆ?" ಅಂದರು. ಸರಿಯಾದ ಮಾತು. ನಾಲ್ಕು ಸಿಲಿಂಡರ್ ಇಂಜಿನ್ ಒಂದು ಸುತ್ತಿಗೆ ಎರಡು ಸಲ ಹೊಡೆಯುತ್ತದೆ, 800 ಆರ್‌ಪಿಎಂನಲ್ಲಿ ಸೆಕೆಂಡಿಗೆ ಇಪ್ಪತ್ತಾರು ಇಪ್ಪತ್ತೇಳು ಏಟು. ಮೊದಲು ಆ ಏಟನ್ನೆಲ್ಲ ಹಳೇ ಫ್ಲೈವೀಲಿನ ಸ್ಪ್ರಿಂಗ್ ನುಂಗಿಕೊಳ್ಳುತ್ತಿತ್ತು. ಈಗ ನೇರ ಗೇರ್‌ಬಾಕ್ಸ್‌ಗೆ ಹೋಗಿ, ಲೋಡ್ ಇಲ್ಲದೆ ಸುಮ್ನೆ ತಿರುಗುತ್ತಿರುವ ಗೇರುಗಳ ಹಲ್ಲುಗಳು ಒಂದಕ್ಕೊಂದು ಬಡಿದುಕೊಳ್ಳುತ್ತವೆ. ಕ್ಲಚ್ ಒತ್ತಿದರೆ ಸದ್ದು ನಿಲ್ಲುತ್ತದೆ. ಹಾಗೆ ನಿಂತರೆ ಹೆದರಬೇಕಿಲ್ಲ. ಒತ್ತಿದಾಗಲೇ ಸದ್ದು ಶುರುವಾದರೆ ಅದು ಪೆಡಲ್ ಒತ್ತಿದಾಗ ಪ್ರೆಶರ್ ಪ್ಲೇಟನ್ನು ತಳ್ಳುವ ಬೇರಿಂಗ್, ಆಗ ಹೆದರಿ.

ಸದ್ದು ನಿಲ್ಲುತ್ತದೆ ಅಂತ ಸಿಗ್ನಲ್‌ನಲ್ಲಿ ಕ್ಲಚ್ ಒತ್ತಿಕೊಂಡು ಕೂರುವ ಆಸೆಯಾಗುತ್ತದೆ. ಕೂರಬಾರದು. ಗಟ್ಟಿ ಪ್ರೆಶರ್ ಪ್ಲೇಟ್ ಒತ್ತಿದಾಗಲೆಲ್ಲ ಆ ಬಲ ಬೇರಿಂಗ್ ಮೇಲೂ, ಇಂಜಿನ್ ಒಳಗೆ ಕ್ರ್ಯಾಂಕ್ ಅನ್ನು ಹಿಂದೆ ಮುಂದೆ ಸರಿಯದಂತೆ ತಡೆಯುವ ಥ್ರಸ್ಟ್ ಬೇರಿಂಗ್ ಮೇಲೂ ಬೀಳುತ್ತದೆ. ನ್ಯೂಟ್ರಲ್ ಮಾಡಿ ಕಾಲು ತೆಗೆಯಬೇಕು. ಹುರಿಗಡಲೆ ಸದ್ದು ಕೇಳಿಸಿಕೊಂಡು ಕೂರಬೇಕು. ಕಾಲಿನ ಮಟ್ಟಿಗೂ ಅದೇ ಒಳ್ಳೆಯದು. ಮೊದಲ ತಿಂಗಳು ರಾತ್ರಿ ಎಡ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೆ. ಚಪ್ಪಲಿ ಹಾಕಿ ಓಡಿಸುವುದು ಬಿಟ್ಟೆ, ಮೆತ್ತನೆ ಅಟ್ಟೆಯ ಶೂ ಬಿಟ್ಟೆ. ತೆಳು ಅಟ್ಟೆಯ ಹಳೇ ಕ್ಯಾನ್ವಾಸ್ ಶೂ ಒಂದು ಗಾಡಿಯಲ್ಲೇ ಇರುತ್ತದೆ.

ಹೆಂಡತಿ ಮೊದಲು ಮುಟ್ಟುವುದೇ ಇಲ್ಲ ಅಂದಳು. ಆಮೇಲೆ ಒಂದು ದಿನ ನನಗೆ ಜ್ವರ, ಅವಳೇ ಓಡಿಸಬೇಕಾಯಿತು. ಎರಡು ಸಲ ಆಫ್ ಮಾಡಿದಳು, ಮೂರನೇ ಸಲದಿಂದ ನನಗಿಂತ ಚೆನ್ನಾಗಿ ಓಡಿಸಿದಳು. ನಂಬಿಕೆ ಬರಲಿಲ್ಲ. ಹೇಗೆ ಅಂತ ಕೇಳಿದರೆ, "ನೀನು ಆ ಕ್ಲಚ್‌ನ ಬೇಡಿಕೊಳ್ತೀಯ. ನಾನು ಬಿಟ್ಟುಬಿಡ್ತೀನಿ" ಅಂದಳು. ನಿಜವಾಗಿಯೂ ಅಷ್ಟೇ. ಇಪ್ಪತ್ತು ವರ್ಷ ಮಾರುತಿ ಓಡಿಸಿದ ನನ್ನ ಕಾಲು ಇನ್ನೂ ಹಾಫ್ ಕ್ಲಚ್ ಹುಡುಕುತ್ತಿತ್ತು. ಇಲ್ಲದ್ದನ್ನು ಹುಡುಕಿದರೆ ಸಿಗುತ್ತದಾ?

ಇಷ್ಟೆಲ್ಲ ಬೈದ ಮೇಲೆ ಚಾರ್ಮಾಡಿ ವಿಷಯ ಹೇಳದಿದ್ದರೆ ಅನ್ಯಾಯ. ಉಜಿರೆ ಕಡೆಯಿಂದ ಬೆಳಿಗ್ಗೆ ಆರಕ್ಕೆ ಘಾಟಿ ಹತ್ತಿದೆ. ಮಳೆ ನಿಂತು ಒಂದು ದಿನವಾಗಿತ್ತು, ರಸ್ತೆ ಒಣಗಿತ್ತು, ಬಂಡೆ ಮೇಲೆ ಮಾತ್ರ ನೀರು ಇಳಿಯುತ್ತಿತ್ತು. ಟ್ರಾಫಿಕ್ ಇಲ್ಲ. ತಿರುವಿಗೆ ಮುಂಚೆ ಮೂರರಿಂದ ಎರಡಕ್ಕೆ ಇಳಿಸುವಾಗ ಒಂದು ಸಣ್ಣ ರೇಸ್ ಕೊಟ್ಟರೆ ಸಾಕು, ಹಗುರ ಫ್ಲೈವೀಲಿಂದ ಮುಳ್ಳು ಟಕ್ ಅಂತ ಏರಿ ಕೂರುತ್ತದೆ, ಕ್ಲಚ್ ಬಿಡುತ್ತಲೇ ಗೇರು ಇಂಜಿನ್‌ಗೆ ಬೆಸೆದುಕೊಂಡ ಹಾಗೆ. ತಿರುವು ಮುಗಿದು ಒತ್ತಿದರೆ ಕಾಲಿಗೂ ಚಕ್ರಕ್ಕೂ ನಡುವೆ ಏನೂ ಇಲ್ಲ, ಒಂದು ಚೂರೂ ನಷ್ಟವಿಲ್ಲ. ಎರಡು, ಮೂರು, ಮತ್ತೆ ಎರಡು. ಹುರಿಗಡಲೆ ಇಲ್ಲ, ನಡುಕ ಇಲ್ಲ. ಆ ಇಪ್ಪತ್ತು ನಿಮಿಷ ಇದಕ್ಕಿಂತ ಒಳ್ಳೆಯ ಕ್ಲಚ್ ಭೂಮಿ ಮೇಲೆ ಇಲ್ಲ ಅನಿಸಿತು. ಆಮೇಲೆ ಒಂದು ಹೇರ್‌ಪಿನ್‌ನಲ್ಲಿ ಮುಂದೆ ಕೆಂಪು ಬಸ್ಸು, ಎದುರಿಂದ ಇನ್ನೊಂದು ಕೆಂಪು ಬಸ್ಸು. ಏರಿನಲ್ಲಿ ನಿಂತೆ. ಉಳಿದದ್ದನ್ನು ನೀವೇ ಊಹಿಸಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುವಾಗಲೂ ಬಾನೆಟ್ ಹತ್ತಿರ ಸಣ್ಣಗೆ ಆ ಲಾರಿ ವಾಸನೆ ಇತ್ತು.

ರೀಮ್ಯಾಪ್ ಮಾಡಿಸಿದ ಹುಡುಗರು ಯಾವ ಕ್ಲಚ್ ಹಾಕಿಸಲಿ ಅಂತ ಕೇಳುತ್ತಾರೆ. ನಿಮ್ಮ ಇಂಜಿನ್ನಿನ ಟಾರ್ಕ್‌ಗಿಂತ ಇಪ್ಪತ್ತು ಮೂವತ್ತು ಪರ್ಸೆಂಟ್ ಮೇಲಿರುವ ಆರ್ಗ್ಯಾನಿಕ್ ಪ್ಲೇಟು, ಸ್ವಲ್ಪ ಗಟ್ಟಿ ಪ್ರೆಶರ್ ಪ್ಲೇಟು, ಆದರೆ ಕಂಪನಿಯ ಡ್ಯುಯಲ್ ಮಾಸ್ ಫ್ಲೈವೀಲ್ ಅನ್ನೇ ಹೊಸದಾಗಿ ಹಾಕಿಸಿ ಅಂತೇನೆ. ಪೆಡಲ್ ಸ್ವಲ್ಪ ಭಾರವಾಗುತ್ತದೆ, ಅಷ್ಟೇ. ಟ್ವಿನ್ ಪ್ಲೇಟ್ ಹಾಕಿದರೆ ಮುಖಗಳು ನಾಲ್ಕಾಗುತ್ತವೆ, ಕಡಿಮೆ ಒತ್ತಿದರೂ ಜಾಸ್ತಿ ಹಿಡಿಯುತ್ತದೆ. ಆದರೆ ಅದರ ಬೆಲೆ ಕೇಳಿದರೆ ರೀಮ್ಯಾಪನ್ನೇ ವಾಪಸ್ ತೆಗೆಸೋಣ ಅನಿಸುತ್ತದೆ. ಗೇರ್‌ಬಾಕ್ಸ್ ಇಳಿದಾಗಲೇ ಬೇರಿಂಗ್, ಇಂಜಿನ್ ಹಿಂದಿನ ಆಯಿಲ್ ಸೀಲ್ ಎರಡನ್ನೂ ಬದಲಿಸಿ, ಸಾಮಾನಿನ ಬೆಲೆಗಿಂತ ಇಳಿಸುವ ಕೂಲಿಯೇ ಜಾಸ್ತಿ. ಬೋಲ್ಟಿನ ಪ್ಯಾಕೆಟ್ ಒಡೆಯುವುದನ್ನು ಎದುರು ನಿಂತು ನೋಡಿ. ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಹುಡುಗರು ಕೊನೆಗೆ "ಅಣ್ಣಾ, ನೀವು ಬಿಸ್ಕೆಟ್ ಹಾಕ್ಸಿದೀರಲ್ವಾ?" ಅಂತಾರೆ. ಹೌದಪ್ಪ, ಅದಕ್ಕೇ ಹೇಳ್ತಿರೋದು.

ನಿನ್ನೆಯಿಂದ ಕ್ಲಚ್ ಒತ್ತಿದಾಗ ಸಣ್ಣಗೆ ಕೊಂಯ್ ಅಂತ ಒಂದು ಸದ್ದು. ಬಿಟ್ಟರೆ ಇಲ್ಲ. ಬೇರಿಂಗ್. ಮೆಕ್ಯಾನಿಕ್‌ಗೆ ಫೋನಿನಲ್ಲೇ ಕೇಳಿಸಿದೆ, ನಕ್ಕರು. ಮುಂದಿನ ಶನಿವಾರ ಗೇರ್‌ಬಾಕ್ಸ್ ಮೂರನೇ ಸಲ ಇಳಿಯುತ್ತದೆ. ಆರ್ಗ್ಯಾನಿಕ್ ಪ್ಲೇಟು, ಹೊಸ ಡ್ಯುಯಲ್ ಮಾಸ್ ಎರಡೂ ತರಿಸಿ ಅಟ್ಟದ ಮೇಲಿಟ್ಟಿದ್ದೇನೆ, ಹೆಂಡತಿಗೆ ಇನ್ನೂ ಬಿಲ್ ತೋರಿಸಿಲ್ಲ. ಹೊರಗೆ ಬರುವ ಬಿಸ್ಕೆಟ್ ಪ್ಲೇಟು ಯಾರಿಗಾದರೂ ಬೇಕಿದ್ದರೆ ಹೇಳಿ, ಫ್ಲೈವೀಲ್ ಸಮೇತ ಕಡಿಮೆಗೆ ಕೊಡುತ್ತೇನೆ. ನಿಮ್ಮ ಆಫೀಸ್ ಸಿಲ್ಕ್ ಬೋರ್ಡ್ ಕಡೆ ಇದ್ದರೆ ಮಾತ್ರ ಕೊಡುವುದಿಲ್ಲ.